ಮಣಿಯ ಬಿಸ್ಕತ್ತೂ ಭಾವಮೈದುನನ ಕೇಕೂ

ನಮ್ಮ ಮನೆಯ ನಾಯಿ ಮಣಿಗೆ ರಾಗಿ ಬಿಸ್ಕತ್ತು ತಿನ್ನಿಸಿ ಅದನ್ನು ಯಮಪುರಿಗೆ ಅಟ್ಟಲು ಹೊರಟಿದ್ದವನೆಂಬ ಅಪವಾದವೊಂದು ಕಳೆದ ಧನುರ್ಮಾಸದಿಂದ ನನ್ನ ಬೆನ್ನಿಗೆ ಅಂಟಿಕೊಂಡಿದೆ. ಕಾಮಸಮುದ್ರದ ಟೀ ಅಂಗಡಿಯೊಂದರಲ್ಲಿ ಹುಟ್ಟಿದ ಈ ಮಾತು, ಬಂಗಾರಪೇಟೆಯ ಕಡೆಗೂ ಕುಪ್ಪಂ ಕಡೆಗೂ ಹೋಗುವ ರೈಲುಗಳನ್ನು ಹತ್ತಿ, ಕನ್ನಡದಲ್ಲಿ ಒಂದು ಬಗೆಯಾಗಿಯೂ ತೆಲುಗಿನಲ್ಲಿ ಇನ್ನೊಂದು ಬಗೆಯಾಗಿಯೂ ತಮಿಳಿನಲ್ಲಿ ಮತ್ತಷ್ಟು ಉಪ್ಪುಖಾರ ಸೇರಿಸಿಕೊಂಡೂ ಪ್ರಚಾರವಾಗಿ, ಕಡೆಗೆ ರಾಬರ್ಟ್‌ಸನ್‌ಪೇಟೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು 'ಏನ್ ಸಾರ್, ನಾಯಿಗೆ ಏನೋ ಮಾಡಿಬಿಟ್ರಂತೆ?' ಎಂದು ದೂರವಾಣಿಯಲ್ಲಿ ವಿಚಾರಿಸುವ ಮಟ್ಟಿಗೆ ಬೆಳೆದ ಮೇಲೆ, ನಡೆದುದನ್ನು ನಡೆದಂತೆ ಬರೆದಿಡುವುದೇ ಕ್ಷೇಮವೆಂದು ನನಗೆ ತೋರಿತು. ಬರೆಯುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ಹಬ್ಬದ ಕಾಲದಲ್ಲಿ ಮನೆಯ ನಾಯಿಗೂ ಏನಾದರೂ ವಿಶೇಷವಾಗಿ ಮಾಡಿ ಹಾಕಬೇಕೆಂಬ ಆಸೆ ಈಚೆಗೆ ಅನೇಕರಲ್ಲಿ ಕಾಣುತ್ತಿದೆ. ಆ ತಿಂಡಿಯನ್ನು ಮಾಡುವುದು ಸುಲಭ. ಅದೇ ಹಬ್ಬದಲ್ಲಿ ನಮ್ಮ ತಿಂಡಿಯಿಂದ ನಾಯಿಯನ್ನು ಕಾಯುವುದು ಕಷ್ಟ ಎಂಬುದು ಅವರಿಗೆ ಮೊದಲೇ ತಿಳಿದಿರಲಿ.

ನಾಯಿಗೆಂದು ಪ್ರತ್ಯೇಕವಾಗಿ ಅಡಿಗೆ ಮಾಡುವುದು ಬೆಂಗಳೂರಿನವರ ಶೋಕಿಯೆಂದು ನಗುವವರೊಡನೆ ನನಗೆ ವಾದವಿದೆ. ಮದ್ದೂರಿನ ಸಮೀಪದ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸಾ.ಶ. 949–50ರ ಶಿಲಾಶಾಸನವನ್ನು ಅಂಥವರು ಒಮ್ಮೆ ನೋಡಿಬರಬೇಕು. ತಕ್ಕೋಲದ ಯುದ್ಧದ ಕಾಲದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನು ತನ್ನ ಪ್ರಭುವಿನಿಂದ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಊರನ್ನಲ್ಲ, ಕೇರಿಯನ್ನಲ್ಲ, ಕಾಳಿಯೆಂಬ ಹೆಸರಿನ ನಾಯಿಯನ್ನು. ಆ ನಾಯಿ ಮಹಾವರಾಹವೊಂದರೊಡನೆ ಸೆಣಸಿ, ಎರಡೂ ಮಡಿದಾಗ, ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲೆಂದು ಬರೆಸಲಾಯಿತು. ಸಾವಿರ ವರ್ಷಗಳ ಹಿಂದಿನ ಕನ್ನಡಿಗರು ನಾಯಿಯ ಕಲ್ಲಿಗೆ ನೈವೇದ್ಯ ಸಲ್ಲಿಸಬಹುದಾದರೆ, ಬದುಕಿರುವ ನಾಯಿಗೆ ನಾನು ಬಿಸ್ಕತ್ತು ಬೇಯಿಸಿದ್ದು ಯಾವ ಅಪರಾಧ? ಕಾರ್ತಿಕ ಬಹುಳ ಅಷ್ಟಮಿಯಂದು ಭೈರವನ ಹೆಸರಿನಲ್ಲಿ ಬೀದಿಯ ನಾಯಿಗಳಿಗೆ ಅನ್ನವಿಡುವವರು ಈಗಲೂ ಇದ್ದಾರೆ. ನಮ್ಮ ಕೋಲಾರ ಸೀಮೆಯ ಸೀತಿಬೆಟ್ಟದ ಮೇಲಿರುವ ಭೈರವನ ವಾಹನ ಯಾವುದೆಂದು ನಾನು ಹೇಳಬೇಕಾಗಿಲ್ಲ. ಬಿಸ್ಕತ್ತೆಂಬ ರೂಪ ಮಾತ್ರ ಹೊರಗಿನದು. 1860ರ ಸುಮಾರಿಗೆ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ನನು ಲಂಡನ್ನಿನಲ್ಲಿ ಧಾನ್ಯ, ತರಕಾರಿ, ಮಾಂಸದ ಅಂಶಗಳನ್ನು ಕಲಸಿ ನಾಯಿಗಾಗಿಯೇ ಬಿಸ್ಕತ್ತು ಮಾಡಿ ಮಾರತೊಡಗಿದನಂತೆ. ನಾವು ತಡವಾಗಿ ಹೊರಟವರು, ಅಷ್ಟೆ.

ಧಾನ್ಯವು ನಾಯಿಯ ಸ್ವಭಾವಕ್ಕೆ ವಿರುದ್ಧವೆಂದೂ ಮಾಂಸವೇ ಅದರ ಆಹಾರವೆಂದೂ ವಾದಿಸುವ ಪಂಥವೊಂದು ಈಗ ಪ್ರಬಲವಾಗಿದೆ. ಬೆಂಗಳೂರಿನಲ್ಲಿರುವ ನನ್ನ ಮಗ ಆ ಪಂಥಕ್ಕೆ ಸೇರಿದವನು. ಆದರೆ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ತೋಳದ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಪಿಷ್ಟವನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವಕ್ಕೆ ಸಂಬಂಧಿಸಿದ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೂ ಇವೆ. ಅಂದರೆ ಮನುಷ್ಯನ ಹೊಲದ ಅಂಚಿನಲ್ಲಿ ಬಾಳಿ, ಅವನ ಧಾನ್ಯವನ್ನೇ ಉಂಡು ಅದು ನಾಯಿಯಾಯಿತು. ಕೋಲಾರದ ನಾಯಿಯಂತೂ ಮುದ್ದೆ ತಿಂದೇ ಬೆಳೆದದ್ದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿರುವಾಗ, ದುಡ್ಡು ಕೊಟ್ಟು ಪರದೇಶದ ಪೊಟ್ಟಣ ತರಿಸಬೇಕಾದ ಅಗತ್ಯ ನನಗೆ ಕಾಣಲಿಲ್ಲ.

ಮಾರ್ಗಶಿರದ ವೇಳೆಗೆ ನಮ್ಮ ಕಡೆ ರಾಗಿ ಕೊಯ್ಲಾಗಿ ಕಣಕ್ಕೆ ಬರುತ್ತದೆ, ಗೆಣಸು ಅಗೆಯುತ್ತಾರೆ, ಕಡಲೆಕಾಯಿ ಹಸಿಯಾಗಿಯೇ ಅಂಗಡಿಗೆ ಬಂದಿರುತ್ತದೆ. ಈ ಮೂರರಿಂದಲೇ ಬಿಸ್ಕತ್ತು. ರಾಗಿ ಹಿಟ್ಟನ್ನು ಹಸಿವಾಸನೆ ಹೋಗುವವರೆಗೆ ಬಾಣಲೆಯಲ್ಲಿ ಹುರಿದು, ಎರಡು ಪಾಲು ಹಿಟ್ಟಿಗೆ ಒಂದು ಪಾಲು ಬೇಯಿಸಿ ಹಿಸುಕಿದ ಗೆಣಸು, ಒಂದು ಮೊಟ್ಟೆ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜದ ಪುಡಿ; ಉಪ್ಪಿಲ್ಲ, ಬೆಲ್ಲವಿಲ್ಲ, ಸೋಡಾ ಇಲ್ಲ. ಗೋಧಿಯ ಜಿಗುಟು ರಾಗಿಗಿಲ್ಲವಾದ ಕಾರಣ ಗೆಣಸೂ ಮೊಟ್ಟೆಯೂ ಸೇರದಿದ್ದರೆ ಬಿಸ್ಕತ್ತು ತಟ್ಟೆಯಿಂದ ಎತ್ತುವಾಗಲೇ ಪುಡಿಯಾಗುತ್ತದೆ. ಅರ್ಧ ಬೆರಳು ದಪ್ಪಕ್ಕೆ ಲಟ್ಟಿಸಿ, ಕಾಫಿ ಲೋಟದ ಬಾಯಿಂದ ಒತ್ತಿ ಬಿಲ್ಲೆ ತೆಗೆಯುವುದು. ಕಡಲೆಕಾಯಿ ಬೀಜದ ವಿಷಯದಲ್ಲಿ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು: ಬೂಸ್ಟು ಹಿಡಿದ ಬೀಜದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ನಾಯಿಯ ಪಿತ್ತಜನಕಾಂಗವನ್ನು ಹಾಳುಮಾಡುತ್ತದೆ, ಹುರಿದರೆ ಅದು ಪೂರ್ತಿಯಾಗಿ ಹೋಗುವುದೂ ಇಲ್ಲ. ಸುಕ್ಕಿದ, ಕಪ್ಪಾದ ಬೀಜವನ್ನು ನಾನು ಒಂದೊಂದಾಗಿ ಆರಿಸಿ ಎಸೆಯುತ್ತಿದ್ದುದನ್ನು ಕಂಡು ನಮ್ಮ ಮನೆಯವಳು, 'ನನ್ನ ಚಟ್ನಿಗೆ ಒಂದು ದಿನಾನಾದ್ರೂ ಹೀಗೆ ಆರಿಸಿಕೊಟ್ಟಿದ್ದೀರಾ?' ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ.

ಬೇಯಿಸಲು ನಮ್ಮೂರಿನ ಬೇಕರಿಯ ಭಟ್ಟಿಯನ್ನು ಆಶ್ರಯಿಸಿದೆ. ನೀಲಗಿರಿ ಸೌದೆಯಿಂದ ಕಾದ ಇಟ್ಟಿಗೆಯ ಭಟ್ಟಿಯಲ್ಲಿ ಮೊದಲು ಬ್ರೆಡ್ಡು, ಬನ್ನು, ಆಮೇಲೆ ಶಾಖ ಇಳಿದಂತೆ ರಸ್ಕು ಬೇಯಿಸಿ ಮುಗಿಸಿದ ಮೇಲೂ ಒಳಗೆ ಉಳಿಯುವ ಬಿಸಿ ನಮ್ಮ ಬಿಸ್ಕತ್ತಿಗೆ ಹೇಳಿ ಮಾಡಿಸಿದ್ದು, ಏಕೆಂದರೆ ಅದಕ್ಕೆ ಬೇಕಾದದ್ದು ಬೇಯುವುದಕ್ಕಿಂತ ಒಣಗುವುದು. ರೇಷ್ಮೆ ಇಲಾಖೆಯಲ್ಲಿದ್ದು ಹುಳು ಸಾಕುವ ಮನೆಗಳ ಬಿಸಿಯನ್ನೂ ತೇವವನ್ನೂ ಅಳೆಯುತ್ತಲೇ ತಲೆ ನರೆತವನಾದ್ದರಿಂದ ತೇವ ಎಂಥ ದ್ರೋಹಿಯೆಂಬುದು ನನಗೆ ಗೊತ್ತಿತ್ತು. ಮುರಿದರೆ ಟಕ್ಕೆಂದು ಶಬ್ದ ಬರಬೇಕು. ಬಾಗಿದರೆ ನಾಲ್ಕೇ ದಿನದಲ್ಲಿ ಬೂಸ್ಟು. ಬೇಕರಿಯವರು ಮೊದಲು, 'ನಾಯಿ ತಿಂಡಿ ನಮ್ಮ ತಟ್ಟೇಲಿ ಬೇಯ್ಸಿದ್ರೆ ಗಿರಾಕಿ ನಿಲ್ತಾರಾ ಸಾರ್?' ಎಂದು ತಲೆಯಾಡಿಸಿದರು. ನಾನು ಹೊಸ ತಟ್ಟೆಯನ್ನೇ ಕೊಂಡುಕೊಟ್ಟೆ. ಕಡೆಗೆ ಅವರ ಹುಡುಗರೇ ಒಂದೆರಡು ಬಿಲ್ಲೆ ಬಾಯಿಗೆ ಹಾಕಿಕೊಂಡು, 'ಉಪ್ಪಿಲ್ಲ, ಅಷ್ಟೇ. ಇಲ್ದಿದ್ರೆ ನಾವೇ ಮಾರಬೌದು' ಎಂದರು. ಈ ವಿವರವನ್ನು ಟೀ ಅಂಗಡಿಯವರು ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ: ಆ ಹುಡುಗರು ಇಂದಿಗೂ ಆರೋಗ್ಯವಾಗಿದ್ದಾರೆ.

ಇನ್ನು ಕ್ರಿಸ್‌ಮಸ್ಸಿನ ದಿನದ ಪ್ರಸಂಗ. ಕೋಲಾರದ ಚಿನ್ನದ ಗಣಿಯ ಊರುಗಳಲ್ಲಿ ಕ್ರಿಸ್‌ಮಸ್ಸು ಕ್ರೈಸ್ತರಿಗೆ ಮಾತ್ರ ಸೇರಿದ ಹಬ್ಬವಲ್ಲ. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದ ಇಂಗ್ಲಿಷರೂ ಆಂಗ್ಲೋ-ಇಂಡಿಯನ್ನರೂ ರೂಢಿಸಿದ ಪ್ಲಮ್ ಕೇಕು, ಒಣದ್ರಾಕ್ಷಿಯನ್ನು ವಾರಗಟ್ಟಲೆ ರಮ್ಮಿನಲ್ಲಿ ನೆನೆಹಾಕಿ, ಜಾಯಿಕಾಯಿ, ಚಕ್ಕೆ ಸೇರಿಸಿ ಮಾಡುವ ಆ ಕಪ್ಪು ಕೇಕು, ಗಣಿಯ ಲೈನು ಮನೆಗಳಲ್ಲಿ ಜಾತಿಮತ ನೋಡದೆ ಮನೆಯಿಂದ ಮನೆಗೆ ಹರಿದಾಡುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಕೇಕು ನಿಲ್ಲಲಿಲ್ಲ. ನನ್ನ ಭಾವಮೈದುನ ಗಣಿ ಮುಚ್ಚುವವರೆಗೆ ಚಾಂಪಿಯನ್ ರೀಫಿನಲ್ಲಿ ಭೂಮಿಯೊಳಗೆ ಇಳಿಯುತ್ತಿದ್ದವನು, ಆಮೇಲೆ ಅಲ್ಲಿಯ ಸಾವಿರಾರು ಜನರಂತೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವನಾದ. ಉದಾರಿ; ಕೈಯಲ್ಲಿದ್ದುದನ್ನು ಕೊಡದೆ ಇರಲಾರ. ಅವನ ಔದಾರ್ಯವೇ ನಮಗೆ ಮುಳುವಾಯಿತು. ಆ ದಿನ ಮಧ್ಯಾಹ್ನ ನೆರೆಯವರು ಕೊಟ್ಟ ಕೇಕಿನ ದೊಡ್ಡ ತುಂಡೊಂದನ್ನು ಹಿಡಿದು ಬಂದವನು, ನಾನು ಊಟವಾಗಿ ಒರಗಿದ್ದ ಹೊತ್ತಿನಲ್ಲಿ ಹಿತ್ತಿಲಿಗೆ ಹೋಗಿ ಅದರಲ್ಲಿ ಅರ್ಧವನ್ನು ಮಣಿಗೆ ತಿನ್ನಿಸಿ, ಕೈ ತೊಳೆದುಕೊಂಡು, ಯಾರಿಗೂ ಹೇಳದೆ ಸಂಜೆಯ ಬಸ್ಸಿಗೆ ಹೊರಟುಹೋದ.

ದೀಪ ಹಚ್ಚುವ ವೇಳೆಗೆ ನಾನು ಹೊಸ ಬಿಸ್ಕತ್ತಿನ ಡಬ್ಬಿ ತೆರೆದು ಕರೆದರೆ ಮಣಿ ಬಂದು, ಮೂಸಿ, ಮುಖ ತಿರುಗಿಸಿ ಹೋಗಿ ಮಲಗಿತು. ಇದು ಮುಖ್ಯವಾದ ಸಂಗತಿ. ಆ ದಿನ ಅದು ನನ್ನ ಬಿಸ್ಕತ್ತಿನ ಒಂದು ಚೂರನ್ನೂ ಮುಟ್ಟಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ವಾಂತಿ ಶುರುವಾಯಿತು. ಮೊದಲಿನದು ಅಂಗಳದ ತುಳಸಿಕಟ್ಟೆಯ ಪಕ್ಕ, ಎರಡನೆಯದು ಬಚ್ಚಲಿನ ಬಾಗಿಲಲ್ಲಿ. ಆಮೇಲೆ ಬರಿಯ ನೊರೆ. ಹಿಂಗಾಲು ನಡುಗಿ, ನಿಂತಲ್ಲಿಯೇ ಕುಸಿದು, ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ನನ್ನನ್ನೇ ನೋಡುತ್ತಿತ್ತು. ನಾನು ಟಾರ್ಚು ಹಿಡಿದು ಬಗ್ಗಿ ವಾಂತಿಯನ್ನು ನೋಡಿದೆ. ಅಸಹ್ಯವೆಂದು ಓದುಗರು ಮುಖ ಸಿಂಡರಿಸಬಾರದು. ಹುಳುವಿನ ರೋಗವನ್ನು ಹಿಕ್ಕೆ ನೋಡಿ ಹೇಳುವ ಕಸುಬಿನವನು ನಾನು. ಕಂದುಬಣ್ಣದ ಮುದ್ದೆಯ ನಡುವೆ ನೇರಳೆ ಹಣ್ಣಿನಂತೆ ಉಬ್ಬಿ ಮಿರುಗುತ್ತಿದ್ದ ಕಪ್ಪು ಗೋಲಿಗಳು. ಕಡ್ಡಿಯಿಂದ ಒತ್ತಿದರೆ ಒಳಗಿನಿಂದ ರಮ್ಮಿನ ಘಾಟು. ಒಣದ್ರಾಕ್ಷಿ. ರಾಗಿಯ ಒಂದು ಕಣವೂ ಅದರಲ್ಲಿರಲಿಲ್ಲ. ಅಷ್ಟನ್ನೂ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಮುಚ್ಚಳ ಬಿಗಿದಿಟ್ಟುಕೊಂಡೆ. ಮನೆಯವಳು ತಮ್ಮನಿಗೆ ಫೋನು ಮಾಡಿದಾಗ ಅವನು ನಿಜವನ್ನೇ ಹೇಳಿದ: 'ಹಬ್ಬ ಅಲ್ವಾ ಅಕ್ಕ, ಅದಕ್ಕೂ ಒಂಚೂರು ಬಾಯಿ ಸಿಹಿ ಮಾಡೋಣ ಅಂತ ಹಾಕ್ದೆ. ಕೇಕು ತಿಂದು ಯಾವ ನಾಯಿ ಸತ್ತಿದೆ? ಭಾವ ಅದೇನೋ ರಾಗಿ ಬಿಸ್ಕೆಟ್ ಮಾಡ್ತಾರಲ್ಲ, ಅದು ಕಲ್ಲು ಇದ್ದಂಗೆ ಇತ್ತು, ಅದೇ ಆಗಿರುತ್ತೆ.' ಅಪವಾದದ ಬೀಜ ಇಲ್ಲಿ ಬಿತ್ತು.

ಅದಕ್ಕೆ ನೀರೆರೆದವನು ಸರ್ಕಾರದ ಪಶುಚಿಕಿತ್ಸೆಗೆ ಸಂಬಂಧಪಟ್ಟ ಒಬ್ಬ ಅಧಿಕಾರಿ. ಯಾವ ಊರಿನವನೆಂದು ನಾನು ಹೇಳುವುದಿಲ್ಲ. ಗದ್ದಲ ಕೇಳಿ ಅಂಗಳದಲ್ಲಿ ನೆರೆದಿದ್ದ ಜನರ ಎದುರಿಗೆ ನಾನು ಅವನಿಗೆ ಫೋನು ಮಾಡಿ, ಕೈ ನಡುಗುತ್ತಿದ್ದುದರಿಂದ ಸ್ಪೀಕರಿಗೆ ಹಾಕಿದ್ದೆ. 'ನಾಯೀನಾ? ಹಸು ಅಂದ್ಕೊಂಡೆ' ಎಂದು ಅವನು ಮೊದಲು ನಿರಾಳವಾದ. ಆಮೇಲೆ ಏನು ತಿಂದಿತು, ಮನೆಯಲ್ಲಿ ಏನು ಹಾಕುತ್ತೀರಿ ಎಂದು ಕೇಳಿ, ನಾನು ಒಣದ್ರಾಕ್ಷಿಯ ವಿಷಯ ಎತ್ತುವಷ್ಟರಲ್ಲಿ ರಾಗಿ ಬಿಸ್ಕತ್ತೆಂಬ ಶಬ್ದ ಕಿವಿಗೆ ಬಿದ್ದೊಡನೆ, 'ಬಿಸ್ಕೆಟ್ಟು ಮನೇಲಿ ಮಾಡಿದ್ದಾ? ಹಾಗಾದ್ರೆ ಅದೇ. ಇಂಥ ಪ್ರಯೋಗ ಎಲ್ಲ ಯಾಕೆ ಮಾಡ್ತೀರಿ? ಬೆಳಿಗ್ಗೆ ಹತ್ತು ಗಂಟೆ ಮೇಲೆ ಕರ್ಕೊಂಡು ಬನ್ನಿ' ಎಂದು ಇಟ್ಟುಬಿಟ್ಟ. ಕರೆಯುವ ಹಸುವಿಗೆ ರಾತ್ರಿ ಬರುವ ವೈದ್ಯ ಬೊಗಳುವ ನಾಯಿಗೆ ಬರಬೇಕಾಗಿಲ್ಲವೆಂಬುದು ಅವನ ನ್ಯಾಯವಾಗಿರಬಹುದು. ಹೈನಿನ ಜಿಲ್ಲೆಯಲ್ಲಿ ಅದನ್ನಾದರೂ ಕ್ಷಮಿಸಿಯೇನು. ಆದರೆ ನೋಡದೆ, ಮುಟ್ಟದೆ, ಕೇಳಿಸಿಕೊಳ್ಳಲೂ ಪುರಸೊತ್ತಿಲ್ಲದೆ ಕೊಟ್ಟ ಆ ತೀರ್ಪು ಸರ್ಕಾರಿ ಮೊಹರು ಬಿದ್ದ ಸತ್ಯವಾಗಿ ಮರುದಿನ ಬೆಳಗಾಗುವುದರೊಳಗೆ ಊರೆಲ್ಲ ಹರಡಿತಲ್ಲ, ಅದನ್ನು ನಾನು ಮರೆಯುವವನಲ್ಲ.

ಈಗ ಊರಿನವರ ಚಿಕಿತ್ಸೆಯ ಸರದಿ. ಒಬ್ಬರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದರು. ಮತ್ತೊಬ್ಬರು ಹರಳೆಣ್ಣೆ ಎಂದರು. ಪಕ್ಕದ ಮನೆಯ ಅಜ್ಜಿ ಮಾತ್ರ ಮಾತಿನಲ್ಲಿ ಕಾಲ ಕಳೆಯದೆ ಒಳಕ್ಕೆ ಹೋಗಿ, ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಕಿವುಚಿ, ಚೊಂಬಿನ ತುಂಬ ಗಟ್ಟಿ ಹುಳಿ ತಂದರು. ವಿಷ ಹೊಟ್ಟೆಗೆ ಬಿದ್ದಾಗ ಹುಣಸೆ ಹುಳಿ ಕುಡಿಸುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಆಕೆಯ ಉದ್ದೇಶದಲ್ಲಿ ಎಳ್ಳಷ್ಟೂ ಕಲ್ಮಷವಿರಲಿಲ್ಲ. ಇಬ್ಬರು ಹುಡುಗರು ಮಣಿಯ ತಲೆ ಹಿಡಿದರು, ಒಬ್ಬ ಬಾಯಿ ಬಿಡಿಸಲು ಹೊರಟ. ನಾನು ಅಡ್ಡ ಕುಳಿತೆ. ಏಕೆ ಕುಳಿತೆನೆಂದು ಈಗ ಯಾರಾದರೂ ಕೇಳಿದರೆ ಶಾಸ್ತ್ರೀಯವಾದ ಉತ್ತರ ನನ್ನಲ್ಲಿಲ್ಲ. ವಾಂತಿ ಮಾಡುತ್ತಿರುವ, ಉಸಿರು ಎಳೆಯುತ್ತಿರುವ ಪ್ರಾಣಿಯ ಗಂಟಲಿಗೆ ಏನನ್ನು ಸುರಿದರೂ ಅದು ಶ್ವಾಸಕ್ಕೆ ಹೋದೀತೆಂಬ ಭಯ ಒಂದು ಕಡೆ, ಹುಟ್ಟುಗುಣವಾದ ಹಠ ಇನ್ನೊಂದು ಕಡೆ. 'ಮೊಂಡತನಕ್ಕೆ ನಾಯಿ ಸಾಯ್ಸ್ತೀಯಾ ಕಣಪ್ಪಾ' ಎಂದು ಅಜ್ಜಿ ಚೊಂಬನ್ನು ನನ್ನ ಎದುರಿಗೆ ಕುಕ್ಕಿದರು. ಮೊಂಡತನವೇ ಸರಿ. ಚೊಂಬು ಇದ್ದಲ್ಲೇ ಇತ್ತು.

ಟೊಮೇಟೊ ಸಾಗಿಸುವ ಟಾಟಾ ಏಸ್ ಒಂದರ ಚಾಲಕ, ಮಂಡಿಗೆ ಹೊರಡಬೇಕಾಗಿದ್ದವನು, ಬಂಗಾರಪೇಟೆಯವರೆಗೆ ಬರಲು ಒಪ್ಪಿದ. ಕ್ರೇಟುಗಳನ್ನು ಇಳಿಸಿ, ಗೋಣಿಚೀಲ ಹಾಸಿ, ಮಣಿಯನ್ನು ಮಲಗಿಸಿ, ನಾನು ಪಕ್ಕದಲ್ಲಿ ಕುಳಿತೆ. ಮಂಜು ಇಳಿದಿತ್ತು. ಊರು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ಟಾರ್ಚುಗಳು ಆಡಿ, ಅರಣ್ಯ ಇಲಾಖೆಯ ಕಾವಲುಗಾರರು ಗಾಡಿ ನಿಲ್ಲಿಸಿ, 'ಲೈಟ್ ಆರಿಸಿ, ಇಂಜಿನ್ ನಿಲ್ಲಿಸಿ, ಆನೆ ದಾಟ್ತಾ ಇದೆ' ಎಂದು ಪಿಸುಗುಟ್ಟಿದರು. ಕಾಮಸಮುದ್ರದ ಹೋಬಳಿಯವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಆಂಧ್ರದ ಕೌಂಡಿನ್ಯ ಅರಣ್ಯ, ತಮಿಳುನಾಡಿನ ಕೃಷ್ಣಗಿರಿಯ ಕಾಡು, ನಮ್ಮ ಗಡಿಯ ಕಾಡು ಇವು ಒಂದಕ್ಕೊಂದು ಹೊಂದಿಕೊಂಡಿದ್ದು, ರಾಗಿ ತೆನೆ ಬಲಿಯುವ ಕಾಲಕ್ಕೆ ಸರಿಯಾಗಿ ಆನೆಗಳು ಮೂರು ರಾಜ್ಯಗಳ ಗಡಿಯನ್ನೂ ಲೆಕ್ಕಿಸದೆ ಹೊಲಕ್ಕಿಳಿಯುತ್ತವೆ. ನನ್ನ ಬಿಸ್ಕತ್ತಿಗೆ ಬೇಕಾದ ರಾಗಿಯೇ ಅವಕ್ಕೂ ಬೇಕು.

ಕತ್ತಲೆಯಲ್ಲಿ ಎಷ್ಟು ಹೊತ್ತು ಕುಳಿತೆವೋ ತಿಳಿಯದು. ರಸ್ತೆಯ ಆಚೆ ಇನ್ನೂ ಕೊಯ್ಲಾಗದ ಹೊಲದಲ್ಲಿ ರಾಗಿ ದಂಟು ಮುರಿಯುವ ಸದ್ದು, ನಡುವೆ ಹೊಟ್ಟೆಯೊಳಗಿನಿಂದ ಹೊರಟಂತೆ ಕೇಳುವ ಆನೆಯ ಗುಡುಗುಟ್ಟುವಿಕೆ, ದೂರದಲ್ಲಿ ಯಾರೋ ತಗಡು ಬಡಿಯುತ್ತಿದ್ದುದು, ಒಂದು ಪಟಾಕಿ, ಮತ್ತೆ ಮೌನ. ಬೇರೆ ದಿನವಾಗಿದ್ದರೆ ಮಣಿ ಈ ವಾಸನೆಗೆ ಊರನ್ನೆಲ್ಲ ಎಬ್ಬಿಸುತ್ತಿತ್ತು; ಹಿಂದಿನ ವರ್ಷ ನಮ್ಮ ಬೇಲಿಯ ಹತ್ತಿರ ಬಂದಿದ್ದ ಸಲಗವನ್ನು ಮೊದಲು ಕಂಡು ಕೂಗಿದ್ದು ಅದೇ. ಈಗ ಕಿವಿಯನ್ನು ಒಮ್ಮೆ ನಿಮಿರಿಸಿತು, ಗಂಟಲಿನಲ್ಲಿ ಏನೋ ಹೊರಟು ಅಲ್ಲಿಯೇ ನಿಂತಿತು, ಕಿವಿ ಮತ್ತೆ ಬಿತ್ತು. ಅದರ ಒಸಡನ್ನು ಬೆರಳಿನಿಂದ ಮುಟ್ಟಿದೆ, ಅಂಟಂಟಾಗಿ ತಣ್ಣಗಿತ್ತು. ಗಡಿಯಾರ ನೋಡಲು ಬೆಳಕು ಮಾಡುವಂತಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಭಾವಮೈದುನ ಊಟ ಮುಗಿಸಿ ಕಂಬಳಿ ಹೊದ್ದು ನಿದ್ರಿಸುತ್ತಿದ್ದಾನೆಂಬ ಯೋಚನೆ ಬಂದು, ಸಾತ್ತ್ವಿಕನಾದ ನನ್ನ ಬಾಯಿಂದ ಹೊರಟ ಮಾತುಗಳನ್ನು ಕೇಳಿ ಚಾಲಕನು, 'ಮೆಲ್ಲಗೆ ಸಾರ್, ಆನೆ ಕೇಳ್ಸ್ಕೊಳ್ತವೆ' ಎಂದ. ಕಡೆಗೊಮ್ಮೆ ಕಾವಲುಗಾರನೊಬ್ಬ ಗಾಡಿಯ ಬಳಿಗೆ ಬಂದು ಒಳಗೆ ಇಣುಕಿ, 'ನಾಯಿಗೇನಾಗಿದೆ?' ಎಂದು ಕೇಳಿ, ತಾನೇ ಮುಂದೆ ನಡೆದು ಟಾರ್ಚು ಬೀಸಿ ದಾರಿ ಬಿಡಿಸಿದ. ಇಲಾಖೆಗಳ ಮೇಲೆ ನನಗೆ ಎಷ್ಟೇ ಕೋಪವಿದ್ದರೂ ಆ ಮನುಷ್ಯನಿಗೆ ಒಳ್ಳೆಯದಾಗಲಿ.

ಬಂಗಾರಪೇಟೆಯಲ್ಲಿ ಖಾಸಗಿಯಾಗಿ ವೃತ್ತಿ ಮಾಡುವ ತರುಣ ಪಶುವೈದ್ಯರೊಬ್ಬರು ಬಾಗಿಲು ತೆರೆದರು. ನಾನು ಮಾತಾಡುವ ಮೊದಲೇ ಹಾರ್ಲಿಕ್ಸ್ ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ದೀಪಕ್ಕೆ ಹಿಡಿದು ನೋಡಿ, 'ದ್ರಾಕ್ಷಿ. ತಂದದ್ದು ಒಳ್ಳೇದಾಯ್ತು. ಎಷ್ಟು ಹೊತ್ತಾಯ್ತು ತಿಂದು?' ಎಂದರು. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿ, ಡ್ರಿಪ್ಸ್ ಏರಿಸಿ, ರಕ್ತ ತೆಗೆದು, ಕೆಲಸ ಮಾಡುತ್ತಲೇ ಹೇಳಿದರು: ಒಣದ್ರಾಕ್ಷಿಯೂ ಹಸಿದ್ರಾಕ್ಷಿಯೂ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ, ಒಂದು ನಾಯಿ ಹಿಡಿ ತುಂಬ ತಿಂದು ಬದುಕಬಹುದು, ಇನ್ನೊಂದು ನಾಲ್ಕು ತಿಂದು ಸಾಯಬಹುದು, ಇಷ್ಟಾದರೆ ಕ್ಷೇಮವೆಂಬ ಅಳತೆಯಿಲ್ಲ, ಮೊದಲ ದಿನ ವಾಂತಿ, ಆಮೇಲಿನ ಎರಡು ದಿನಗಳಲ್ಲಿ ಮೂತ್ರ ಕಡಿಮೆಯಾಗಿ ನಿಂತೇಹೋದರೆ ಆಸೆಯಿಲ್ಲ, ಆದುದರಿಂದ ಎರಡು ದಿನವಾದರೂ ಎಡೆಬಿಡದೆ ದ್ರವ ಏರಿಸಿ ಮೂತ್ರಪಿಂಡವನ್ನು ತೊಳೆಯುತ್ತಿರಬೇಕು. ಪ್ಲಮ್ ಕೇಕಿನಲ್ಲಿ ರಮ್ಮೂ ಜಾಯಿಕಾಯಿಯೂ ಬೇರೆ ಇರುತ್ತವೆ, ಅವೂ ನಾಯಿಗೆ ಆಗದವೇ.

ಹುಣಸೆಯ ಚೊಂಬಿನ ವಿಷಯ ಹೇಳಿದಾಗ ಅವರ ಕೈ ನಿಂತಿತು. 'ಕುಡಿಸಿಬಿಟ್ರಾ?' ಇಲ್ಲವೆಂದೆ. ದ್ರಾಕ್ಷಿಯಲ್ಲಿ ನಾಯಿಗೆ ವಿಷವಾಗುವುದು ಯಾವುದೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲವಂತೆ. 2021ರಲ್ಲಿ ಅಮೆರಿಕದ ಪ್ರಾಣಿವಿಷ ಚಿಕಿತ್ಸಾ ಕೇಂದ್ರವೊಂದರ ವೈದ್ಯರು, ಅಡಿಗೆಗೆ ಬಳಸುವ ಕ್ರೀಮ್ ಆಫ್ ಟಾರ್ಟರ್ ಹಾಕಿ ಮನೆಯಲ್ಲಿ ಮಾಡಿದ ಮಕ್ಕಳ 'ಆಟದ ಹಿಟ್ಟ'ನ್ನು ನುಂಗಿದ ನಾಯಿಯಲ್ಲೂ ದ್ರಾಕ್ಷಿ ತಿಂದ ನಾಯಿಯ ಲಕ್ಷಣಗಳನ್ನೇ ಕಂಡು, ಎರಡರಲ್ಲೂ ಇರುವ ಟಾರ್ಟಾರಿಕ್ ಆಮ್ಲದ ಮೇಲೆ ಬಲವಾದ ಸಂಶಯ ವ್ಯಕ್ತಪಡಿಸಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಹೇರಳವಾಗಿದೆ. ಹುಣಸೆ ತಿಂದು ಹಾಗೆಯೇ ಮೂತ್ರಪಿಂಡ ಕೆಟ್ಟ ನಾಯಿಗಳ ವರದಿಗಳೂ ಬಂದಿವೆ. ವಿಷಕ್ಕೆ ಮದ್ದೆಂದು ನಾವು ಅದೇ ವಿಷವನ್ನು ಚೊಂಬಿನಲ್ಲಿ ತುಂಬಿ ಕುಡಿಸುವವರಿದ್ದೆವು! ಉಪ್ಪುನೀರೂ ಅಷ್ಟೇ ಅಪಾಯ, ರಕ್ತದ ಲವಣಾಂಶ ಏರಿ ಮಿದುಳಿಗೆ ತಟ್ಟುತ್ತದೆ ಎಂದರು. ನನ್ನ ಮೊಂಡತನದ ಬಗ್ಗೆ ಮನೆಯಲ್ಲಿ ಬಹಳ ವರ್ಷಗಳಿಂದ ಇರುವ ಅಭಿಪ್ರಾಯವನ್ನು ಆ ರಾತ್ರಿಯಾದರೂ ತಿದ್ದಬೇಕಾಗಿತ್ತು.

ಮರುದಿನವೆಲ್ಲ ಕಾಯುವುದೇ ಕೆಲಸ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಇರಬೇಕಾದುದಕ್ಕಿಂತ ತುಸು ಮೇಲಿತ್ತು. ಬಾಟಲಿಯ ಮೇಲೆ ಬಾಟಲಿ ಏರಿತು, ಮೂತ್ರ ಮಾತ್ರ ಒಂದು ಹನಿಯೂ ಇಳಿಯಲಿಲ್ಲ. ವೈದ್ಯರು ಬಾಯಿ ಬಿಟ್ಟು ಏನನ್ನೂ ಹೇಳದೆ ಮತ್ತೆ ಮತ್ತೆ ಹೊಟ್ಟೆಯ ಕೆಳಭಾಗವನ್ನು ಒತ್ತಿ ನೋಡುವುದನ್ನು ಕಂಡು ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಸಂಜೆಯ ಹೊತ್ತಿಗೆ ಮಣಿ ತಾನಾಗಿ ಎದ್ದು, ಹಗ್ಗದ ಜೊತೆಗೆ ಡ್ರಿಪ್ಸಿನ ಕೊಳವೆಯನ್ನೂ ಹಿಡಿದು ನಾನು ಹಿಂದೆ ನಡೆಯಲು, ಅಂಗಳಕ್ಕೆ ಇಳಿದು, ವೈದ್ಯರ ಹೊಸ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರವನ್ನು ಸಾವಧಾನವಾಗಿ ಮೂಸಿ, ಕಾಲೆತ್ತಿತು. ಅಷ್ಟು ದೀರ್ಘವಾಗಿ ಅದು ಎಂದೂ ಕಾಲೆತ್ತಿ ನಿಂತುದನ್ನು ನಾನು ಕಂಡಿಲ್ಲ. ವೈದ್ಯರು ಕಿಟಕಿಯಿಂದ ನೋಡಿ, 'ಇರಲಿ ಬಿಡಿ, ಇನ್ನೊಂದು ಚಕ್ರಾನೂ ಅದರದೇ' ಎಂದು ನಕ್ಕರು.

ನಾಯಿಗೆ ಹಬ್ಬದ ತಿಂಡಿ ಮಾಡಬೇಕೆಂದಿರುವವರಿಗೆ ನಾನು ಹೇಳಬಲ್ಲದ್ದು ಹೆಚ್ಚಿಲ್ಲ. ದ್ರಾಕ್ಷಿ, ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ, ಜಾಯಿಕಾಯಿ, ಹುಣಸೆ, ಉಬ್ಬಲು ಬಿಟ್ಟ ಹಸಿ ಹಿಟ್ಟು ಇವು ಹತ್ತಿರ ಸುಳಿಯಬಾರದು. ಸಕ್ಕರೆಯಿಲ್ಲದ ಸಿಹಿ ಎಂದು ಮಾರುವ ಪದಾರ್ಥಗಳಲ್ಲಿ ಜೈಲಿಟಾಲ್ ಎಂಬುದಿದ್ದರೆ ಅದು ನಾಯಿಯ ರಕ್ತದ ಸಕ್ಕರೆಯನ್ನು ಥಟ್ಟನೆ ಇಳಿಸಿ ಕೊಲ್ಲಬಲ್ಲದು. ಬಿಸ್ಕತ್ತು ಎಷ್ಟೇ ಒಳ್ಳೆಯದಾದರೂ ದಿನದ ಆಹಾರದಲ್ಲಿ ಹತ್ತರಲ್ಲೊಂದು ಪಾಲನ್ನು ಮೀರಬಾರದು. ತಿನ್ನಬಾರದುದನ್ನು ತಿಂದ ನಾಯಿಗೆ ಮನೆಯಲ್ಲಿ ಏನನ್ನೂ ಕುಡಿಸಬಾರದು. ವಾಂತಿಯನ್ನು ಒಂದು ಬಾಟಲಿಗೆ ತುಂಬಿಕೊಂಡು ವೈದ್ಯರಲ್ಲಿಗೆ ಓಡಬೇಕು. ವೈದ್ಯರ ಮನೆಯ ನಂಬರು ಹಬ್ಬಕ್ಕೆ ಮೊದಲೇ ಗೋಡೆಯ ಮೇಲಿರಲಿ. ಭಾವಮೈದುನರನ್ನು ಏನು ಮಾಡಬೇಕೆಂಬುದಕ್ಕೆ ಮಾತ್ರ ನನ್ನಲ್ಲಿ ಉಪಾಯವಿಲ್ಲ.

ಸಂಕ್ರಾಂತಿಗೆ ಮತ್ತೆ ಭಟ್ಟಿ ಹಿಡಿದೆ. ಈ ಸಲ ಗೆಣಸಿನ ಜೊತೆಗೆ ಚಿಟಿಕೆ ಬಿಳಿ ಎಳ್ಳು; ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು ನಮ್ಮ ಪಾಲಿಗೆ. ಮಣಿ ಒಂದು ಬಿಲ್ಲೆಯನ್ನು ಬಾಯಲ್ಲಿ ಕಚ್ಚಿಕೊಂಡು ಹುಲ್ಲಿನ ಮೆದೆಯ ಹಿಂದಕ್ಕೆ ಹೋಗಿ ಮುಗಿಸಿ ಬಂದು ಎರಡನೆಯದಕ್ಕೆ ಕುಳಿತಿತು. ಎಳ್ಳು ಬೀರಲು ಬಂದ ಭಾವಮೈದುನನ ಚೀಲವನ್ನು ನಾನು ಬಾಗಿಲಲ್ಲೇ ಇಸಿದುಕೊಂಡು ತಡಕಿದ್ದಕ್ಕೆ ಅವನಿಗೆ ಕೋಪ ಬಂತು. ರಕ್ತಪರೀಕ್ಷೆಯ ಚೀಟಿ ತೋರಿಸಿದೆ, ಓದಿದ; ಹುಣಸೆಯ ಕಥೆ ಹೇಳಿದೆ, ಕೇಳಿದ; ವೈದ್ಯರಿಗೆ ಫೋನು ಹಚ್ಚಿಕೊಟ್ಟೆ, ಮಾತಾಡಿದ. ಎಲ್ಲ ಮುಗಿದ ಮೇಲೆ ಎಳ್ಳುಬೆಲ್ಲ ಅಗಿಯುತ್ತ, 'ಅದೆಲ್ಲ ಸರಿ ಭಾವ, ಆದ್ರೂ ಆ ರಾಗಿ ಬಿಸ್ಕೆಟ್ಟು ಸ್ವಲ್ಪ ಗಟ್ಟೀನೇ' ಎಂದ. ನಮ್ಮ ಮನೆಯವಳು ಒಳಗಿನಿಂದ, 'ನಾನೂ ಅದನ್ನೇ ಹೇಳಿದ್ದು' ಎಂದಳು.